ಒಲೆ ಊದಿದ ಹಾಗೆ ಊದಬೇಡಿ

ಶ್ವಾಸಕೋಶದ ಬಲವನ್ನು ಊದಿಸಿ ಅಳೆಯುವ ನಮ್ಮ ಕೋಣೆಯಲ್ಲಿ ಬೆಳಗ್ಗೆ ಮೊದಲು ಊದುವುದು ರೋಗಿಯಲ್ಲ, ಒಂದು ಸಿರಿಂಜು. ಹಿಡಿಯಲು ಎರಡೂ ಕೈ ಬೇಕಾಗುವಷ್ಟು ದೊಡ್ಡದು, ಒಳಗೆ ಅಳೆದಿಟ್ಟ ಹಾಗೆ 3 ಲೀಟರ್ ಗಾಳಿ. ಅದನ್ನು ಊದಿದ ಗಾಳಿ ಅಳೆಯುವ ಯಂತ್ರದ, ಅಂದರೆ ಸ್ಪೈರೊಮೀಟರಿನ, ಬಾಯಿಗೆ ಸಿಕ್ಕಿಸಿ ಮೂರು ವೇಗದಲ್ಲಿ ತಳ್ಳುತ್ತೇವೆ. ಒಮ್ಮೆ ಅರ್ಧ ಸೆಕೆಂಡಿನಲ್ಲಿ ಜೋರಾಗಿ, ಒಮ್ಮೆ ಎರಡು ಸೆಕೆಂಡು, ಇನ್ನೊಮ್ಮೆ ಆರು ಸೆಕೆಂಡು ನಿಧಾನಕ್ಕೆ. ಮೂರು ಸಲವೂ ಯಂತ್ರ 2.91ರಿಂದ 3.09 ಲೀಟರಿನ ಒಳಗೇ ತೋರಿಸಬೇಕು. ಅಂದರೆ ಶೇ 3ರಷ್ಟು ಆಚೀಚೆ, ಅದಕ್ಕಿಂತ ಜಾಸ್ತಿ ಇಲ್ಲ. ಜೋರಾಗಿ ತಳ್ಳಿದಾಗ ಸರಿ ಬಂದು ನಿಧಾನಕ್ಕೆ ತಳ್ಳಿದಾಗ ಕಮ್ಮಿ ಬಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಸೆನ್ಸರಿನ ಮೇಲೆ ನಿನ್ನೆಯ ಕಫ ಒಣಗಿ ಕೂತಿದೆ. ರೋಗಿಗೆ ಫಿಲ್ಟರ್ ಹಾಕಿ ಊದಿಸುವುದಾದರೆ ಸಿರಿಂಜನ್ನೂ ಫಿಲ್ಟರ್ ಹಾಕಿಯೇ ತಳ್ಳಬೇಕು. ಸಿರಿಂಜು ಯಂತ್ರದ ಪಕ್ಕದಲ್ಲೇ, ಅದೇ ಬಿಸಿ-ತಂಪಿನಲ್ಲಿ ಇರಬೇಕು. ಕಿಟಕಿಯ ಬಿಸಿಲಿನಲ್ಲಿಟ್ಟ ಸಿರಿಂಜಿನ 3 ಲೀಟರ್ 3 ಲೀಟರ್ ಅಲ್ಲ.

ಇನ್ನೊಂದು ಕಳ್ಳ ತಪ್ಪು ಸೀಲಿಂಗ್ ಫ್ಯಾನಿನದು. ಊದುವ ಮೊದಲು ಯಂತ್ರ ಸೊನ್ನೆ ಹಿಡಿದುಕೊಳ್ಳುತ್ತದೆ. ಆ ಎರಡು ಸೆಕೆಂಡು ಮೌತ್‌ಪೀಸಿನಲ್ಲಿ ಫ್ಯಾನಿನ ಗಾಳಿ ಆಡಿದರೆ, ಆ ಗಾಳಿಯನ್ನೇ ಅದು ಸೊನ್ನೆ ಎಂದುಕೊಳ್ಳುತ್ತದೆ. ಆಮೇಲೆ ರೋಗಿ ಊದಿ ಮುಗಿಸಿದರೂ ಪರದೆಯ ಮೇಲೆ ಗೆರೆ ಮೇಲಕ್ಕೆ ಹತ್ತುತ್ತಲೇ ಇರುತ್ತದೆ. ಒಳ್ಳೆ ಶ್ವಾಸಕೋಶ ಎಂದು ಖುಷಿಪಡಬೇಕಾಗಿಲ್ಲ, ಅದು ಫ್ಯಾನಿನ ಶ್ವಾಸ. ಸೊನ್ನೆ ಹಿಡಿಯುವಾಗ ಮೌತ್‌ಪೀಸನ್ನು ಅಂಗೈಯಿಂದ ಮುಚ್ಚಿದರೆ ಸಾಕು.

ಡಾಕ್ಟರು ಚೀಟಿಯಲ್ಲಿ ಪಿಎಫ್‌ಟಿ (ಶ್ವಾಸಕೋಶದ ಪರೀಕ್ಷೆ) ಎಂದು ಬರೆದಿದ್ದನ್ನು ರಕ್ತಪರೀಕ್ಷೆ ಎಂದುಕೊಂಡು ಖಾಲಿ ಹೊಟ್ಟೆಯಲ್ಲಿ ಬರುವವರು ಬಹಳ. ಇದಕ್ಕೆ ಖಾಲಿ ಹೊಟ್ಟೆ ಬೇಡ, ಹೊಟ್ಟೆ ಬಿರಿಯುವ ಹಾಗೆ ಉಂಡೂ ಬರಬಾರದು. ಎರಡು ಇಡ್ಲಿ ತಿಂದು ಬಂದರೆ ಸರಿಹೋಯಿತು. ಬರುವ ಒಂದು ಗಂಟೆ ಮೊದಲಿನಿಂದ ಬೀಡಿ, ಸಿಗರೇಟು, ಓಡಾಟದ ಆಯಾಸ ಬೇಡ. ಹಿಂದಿನ ಎಂಟು ಗಂಟೆಯೊಳಗೆ ಮದ್ಯ ಕುಡಿದಿದ್ದರೆ ಬೇರೆ ದಿನ ಬನ್ನಿ ಎನ್ನುತ್ತೇವೆ. ಇನ್ಹೇಲರ್ ಲೆಕ್ಕವೇ ಬೇರೆ. ಸಾಲ್ಬುಟಮಾಲ್ ಥರದ, ತಕ್ಷಣ ಆರಾಮ ಕೊಡುವ ಪಂಪನ್ನು 4ರಿಂದ 6 ಗಂಟೆ ಮೊದಲು ನಿಲ್ಲಿಸಬೇಕು. ದಿನಕ್ಕೆರಡು ಸಲ ಎಳೆಯುವ ಫಾರ್ಮೊಟೆರಾಲ್, ಸಾಲ್ಮೆಟೆರಾಲ್ ಇರುವವನ್ನು 24 ಗಂಟೆ, ಟಯೊಟ್ರೊಪಿಯಂ ಥರದ್ದನ್ನು 36ರಿಂದ 48 ಗಂಟೆ. ಇದು ರೋಗ ಇದೆಯೇ ಎಂದು ಮೊದಲ ಸಲ ಪತ್ತೆ ಮಾಡಿಸಲು ಬಂದವರಿಗೆ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಬಂದವರು ಎಂದಿನಂತೆ ಎಳೆದೇ ಬರಬೇಕು. ಡಾಕ್ಟರನ್ನು ಕೇಳದೆ ನಿಲ್ಲಿಸಿ, ರಾತ್ರಿಯೆಲ್ಲ ಗೂರಲು ಹತ್ತಿ, ಬೆಳಗ್ಗೆ ಕುರ್ಚಿಯಲ್ಲಿ ಕೂರಲಾಗದ ಸ್ಥಿತಿಯಲ್ಲಿ ಬಂದವರಿಂದ ಊದಿಸಿ ಪ್ರಯೋಜನವಿಲ್ಲ. ನಿಲ್ಲಿಸಿದ ಮೇಲೆ ತಡೆಯಲಾಗದಿದ್ದರೆ ಎಳೆದುಕೊಳ್ಳಿ, ಎಷ್ಟು ಗಂಟೆಗೆ ಎಳೆದಿರಿ ಎಂದು ನಮಗೆ ಹೇಳಿ. ಅದನ್ನು ವರದಿಯಲ್ಲಿ ಬರೆಯುತ್ತೇವೆ.

ಕೂರಿಸಿದ ಮೇಲೆ ಕೇಳುವ ಪ್ರಶ್ನೆಗಳು ಕೆಲವರಿಗೆ ವಿಚಿತ್ರ ಅನಿಸುತ್ತವೆ. ಕಣ್ಣಿನ ಪೊರೆ ಆಪರೇಷನ್ ಯಾವಾಗ ಆಯಿತು? ಕಫದಲ್ಲಿ ರಕ್ತ? ಈ ವಾರ ಎದೆನೋವಿಗೆ ಆಸ್ಪತ್ರೆ ಸೇರಿದ್ದಿರಾ? ಹೊಟ್ಟೆ, ಎದೆ, ತಲೆ ಆಪರೇಷನ್ ಆಗಿ ನಾಲ್ಕು ವಾರ ಕಳೆದಿದೆಯೇ? ಪೂರ್ತಿ ಬಲ ಹಾಕಿ ಊದುವಾಗ ಎದೆ, ಹೊಟ್ಟೆ, ಕಣ್ಣು, ತಲೆಯ ಒಳಗಿನ ಒತ್ತಡ ಏರುತ್ತದೆ. ಹಾಗಾಗಿ ಹೃದಯಾಘಾತವಾದವರು, ಕಣ್ಣಿನ ಆಪರೇಷನ್ ಆದವರು ಕನಿಷ್ಠ ಒಂದು ವಾರ ಕಾಯಬೇಕು. ಕಣ್ಣಿನ ಡಾಕ್ಟರು ಇನ್ನೂ ಜಾಸ್ತಿ ಹೇಳಿದ್ದರೆ ಅವರ ಮಾತೇ ಮಾತು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿದಿರುವುದು ಕಂಡರೆ ಮೊದಲು ಕಫ ಪರೀಕ್ಷೆಗೆ ಕಳಿಸುತ್ತೇವೆ. ಕ್ಷಯ ಇರಬಹುದಾದವರನ್ನು ಈ ಕೋಣೆಯಲ್ಲಿ ಊದಿಸಿದರೆ ಮುಂದೆ ಕೂರುವವರಿಗೆ ನಾವೇ ಹಂಚಿದಂತೆ.

ಬಾಯಲ್ಲಿ ಎಲೆಅಡಿಕೆ ಇದ್ದರೆ ಉಗಿದು ಮುಕ್ಕಳಿಸಿ ಬರಬೇಕು. ಹಲ್ಲಿನ ಸೆಟ್ ಗಟ್ಟಿಯಾಗಿ ಕೂತಿದ್ದರೆ ಇರಲಿ, ತುಟಿಗೆ ಆಸರೆ ಕೊಡುತ್ತದೆ. ಅಲ್ಲಾಡುವುದಾದರೆ ತೆಗೆದಿಡಿ. ಗಂಡಸರು ಬೆಲ್ಟ್, ಹೆಂಗಸರು ಲಂಗದ ಲಾಡಿ ಸಡಿಲ ಮಾಡಿಕೊಳ್ಳಲಿ. ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ಎರಡು ಮೂರು ಹೆರಿಗೆಯಾದ, ಐವತ್ತು ದಾಟಿದ ಹೆಂಗಸರಿಗೆ ಜೋರಾಗಿ ಊದುವಾಗ ಮೂತ್ರ ಸೋರುವುದುಂಟು. ಆ ಹೆದರಿಕೆಗೇ ಅರ್ಧಕ್ಕೆ ನಿಲ್ಲಿಸುತ್ತಾರೆ, ರೋಗಿ ಸಹಕರಿಸುತ್ತಿಲ್ಲ ಎಂದು ನಾವು ಬರೆದುಬಿಡುತ್ತೇವೆ. ಅದಕ್ಕೇ ಎಲ್ಲರಿಗೂ, ಕೇಳದೆಯೇ, ಮೊದಲು ಬಚ್ಚಲಿಗೆ ಹೋಗಿ ಬನ್ನಿ ಅಂದುಬಿಡುವುದು.

ಆಮೇಲೆ ಎತ್ತರ. ಇದನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳುವ ಕಡೆಯ ವರದಿಯನ್ನು ನಂಬಬೇಡಿ. ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ, ತುರುಬು ನೆತ್ತಿಯ ಮೇಲಿದ್ದರೆ ಬಿಚ್ಚಿಸಿ ಅಳೆಯಬೇಕು. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ನೀರಿನಲ್ಲಿ ತೇಲುವ ಗಂಟೆಯಂಥ ಪಾತ್ರೆಯ ಸ್ಪೈರೊಮೀಟರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ ಕಂಡುಕೊಂಡದ್ದೇ ಇದು: ಒಬ್ಬರು ಊದಬಲ್ಲ ಗಾಳಿ ಅವರ ಎತ್ತರಕ್ಕೆ ತಕ್ಕಂತೆ ಇರುತ್ತದೆ, ದಪ್ಪಕ್ಕೆ ತಕ್ಕಂತೆ ಅಲ್ಲ. ಬೆನ್ನು ಗೂನಾದವರನ್ನು ಗೋಡೆಗೆ ನಿಲ್ಲಿಸಿದರೆ ಎತ್ತರ ಕಮ್ಮಿ ಬರುತ್ತದೆ, ಅವರಿಂದ ಇಷ್ಟೇ ನಿರೀಕ್ಷೆ ಎಂದು ಯಂತ್ರವೂ ಕಮ್ಮಿ ಗುರಿ ಇಡುತ್ತದೆ, ಇರುವ ಕೊರತೆ ಮುಚ್ಚಿಹೋಗುತ್ತದೆ. ಅಂಥವರ ಎರಡೂ ತೋಳು ಚಾಚಿಸಿ, ಒಂದು ನಡುಬೆರಳಿನ ತುದಿಯಿಂದ ಇನ್ನೊಂದರವರೆಗೆ ಅಳೆದು 1.06ರಿಂದ ಭಾಗಿಸಿದರೆ ಎತ್ತರದ ಅಂದಾಜು ಸಿಗುತ್ತದೆ. ವಯಸ್ಸಿನದೂ ಒಂದು ಗೋಳು. ಆಧಾರಿನಲ್ಲಿ ಜನವರಿ 1 ಹುಟ್ಟಿದ ದಿನ ಎಂದಿದ್ದರೆ ಅದು ಅಂದಾಜಿನ ಲೆಕ್ಕ ಎಂದೇ ತಿಳಿಯುತ್ತೇವೆ. ಮೊದಲ ಮಗ ಹುಟ್ಟಿದಾಗ ಎಷ್ಟು ವಯಸ್ಸಿತ್ತು, ಅವನಿಗೆ ಈಗ ಎಷ್ಟು ಎಂದು ಕೇಳಿದರೆ ಹತ್ತಿರಕ್ಕೆ ಬರಬಹುದು.

ಇಷ್ಟಾದ ಮೇಲೆ ಹೊಗೆ, ಧೂಳಿನ ವಿಚಾರಣೆ. ನಿಜವಾದ ರೋಗ ಸಿಗುವುದು ಇಲ್ಲೇ, ಯಂತ್ರದಲ್ಲಿ ಸಿಗುವುದು ಅದರ ಅಳತೆ ಅಷ್ಟೆ. ಒಲೆಯ ಪ್ರಶ್ನೆಗೆ ಬರುವ ಮೊದಲ ಉತ್ತರವನ್ನು ನಾವು ಬರೆದುಕೊಳ್ಳುವುದೇ ಇಲ್ಲ. ಮಾತು ಹೀಗೆ ಸಾಗುತ್ತದೆ:

"ನಮ್ಮನೇಲಿ ಗ್ಯಾಸ್ ಐತಲ್ಲ ಮೇಡಮ್, ಹೊಗೆ ಎಲ್ಲಿಂದ ಬತ್ತದೆ?"

"ಸ್ನಾನದ ನೀರು ಎಲ್ಲಿ ಕಾಯಿಸ್ತೀರಮ್ಮ?"

"ಅದು ಹಂಡೆ ಒಲೇಲಿ."

"ಮುದ್ದೆ?"

"ಮುದ್ದೆ ಸೌದೆ ಒಲೇಲೇ ಆಗ್ಬೇಕು. ಗ್ಯಾಸಲ್ಲಿ ಮಾಡುದ್ರೆ ನಮ್ಮ್ ಯಜಮಾನ್ರು ಉಣ್ಣಲ್ಲ."

2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಸಿಲಿಂಡರ್ ಇಲ್ಲದ ಮನೆ ಕಮ್ಮಿಯಾಗಿರಬಹುದು. ಆದರೆ ಬಚ್ಚಲೊಲೆ ಉರಿಯುತ್ತಲೇ ಇದೆ. ತೆಂಗಿನ ಗರಿ, ಮಟ್ಟೆ, ಚಿಪ್ಪು, ಹಸಿ ಸೌದೆ, ಕೆಲವು ಕಡೆ ಹೊತ್ತಿಸಲು ಪ್ಲಾಸ್ಟಿಕ್ ಕವರು. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು ಊದುವವರು ಅದನ್ನು ಅಡುಗೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಲೆನಾಡಿನಲ್ಲಿ ಇದಕ್ಕೆ ಅಡಿಕೆ ಬೇಯಿಸುವ ಒಲೆ ಸೇರಿಸಿ. ಲೆಕ್ಕ ಮಾಡುವ ಸುಲಭದ ದಾರಿಯೊಂದಿದೆ: ದಿನಕ್ಕೆ ಎಷ್ಟು ಗಂಟೆ ಹೊಗೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಮೈಸೂರು ಸುತ್ತಲ ಹಳ್ಳಿಗಳ ಹೆಂಗಸರಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಗುಣಲಬ್ಧ 60 ತಲುಪಿದಲ್ಲಿಂದ ಶ್ವಾಸನಾಳದ ದೀರ್ಘಕಾಲದ ಉರಿಯೂತವಾದ ಬ್ರಾಂಕೈಟಿಸ್‌ನ ಅಪಾಯ ಗಣನೀಯವಾಗುತ್ತದೆ ಎಂದು ತೋರಿಸಿತು. ಮದುವೆಯಾಗಿ ಬಂದಾಗಿನಿಂದ 30 ವರ್ಷ, ದಿನಕ್ಕೆ 4 ಗಂಟೆ ಎಂದರೆ 120. ಆ ಗಡಿಯ ಎರಡರಷ್ಟು, ಬೀಡಿಯನ್ನು ಕೈಯಲ್ಲಿ ಮುಟ್ಟದೆ.

ಬೀಡಿ ಸೇದುವವರು ದಿನಕ್ಕೆ ಎಷ್ಟು ಕಟ್ಟು ಎಂದು ಹೇಳುತ್ತಾರೆ, ಹೇಳಿದ್ದಕ್ಕೆ ಸ್ವಲ್ಪ ಸೇರಿಸಿಕೊಳ್ಳುತ್ತೇವೆ. ಬೀಡಿ ಸಣ್ಣದು, ಅದರಿಂದೇನೂ ಆಗದು ಎಂಬ ಮಾತು ತಪ್ಪು. ಎಳೆಯದೆ ಬಿಟ್ಟರೆ ಅದು ಆರಿಹೋಗುತ್ತದೆ, ಹಾಗಾಗಿ ಸಿಗರೇಟಿಗಿಂತ ಹೆಚ್ಚು ಸಲ, ಹೆಚ್ಚು ಆಳಕ್ಕೆ ಎಳೆಯಬೇಕು. ಸೊಳ್ಳೆ ಬತ್ತಿಯನ್ನೂ ಕೇಳುತ್ತೇವೆ. ಒಂದು ಬತ್ತಿ ಪೂರ್ತಿ ಉರಿದು ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನವಕ್ಕೆ ಸಮ ಎಂದು 2003ರಲ್ಲೇ ಅಳೆದಿದ್ದಾರೆ. ಬಾಗಿಲು ಹಾಕಿದ ಕೋಣೆಯಲ್ಲಿ, ಮಂಚದ ಕೆಳಗೆ, ರಾತ್ರಿಯೆಲ್ಲ.

ಕೆಲಸದ ಧೂಳಿನಲ್ಲಿ ನಮಗೆ ತೀರ ಭಯ ಹುಟ್ಟಿಸುವುದು ಕಲ್ಲಿನದು. ಗ್ರಾನೈಟ್ ಕ್ವಾರಿ, ಜಲ್ಲಿ ಕ್ರಷರ್, ನೀರು ಬಿಡದೆ ಕಲ್ಲು ಕೊಯ್ಯುವ ಕಟರ್. ಕಣ್ಣಿಗೆ ಕಾಣುವ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಕಾಣದ ಸಿಲಿಕಾ ಕಣ ಗಾಳಿಗೂಡಿನ ತಳಕ್ಕಿಳಿದು ಕೂತು ಗಂಟು ಕಟ್ಟುತ್ತದೆ. ಈ ರೋಗವೇ ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ ಅದು ಇರುವುದು 1940ರ ದಶಕದಲ್ಲೇ ದಾಖಲಾಗಿತ್ತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಸಿಲಿಕೋಸಿಸ್ ಹಾಗೆ ಮುಚ್ಚುವುದಿಲ್ಲ, ಕೆಲಸ ಬಿಟ್ಟ ಮೇಲೂ ಬೆಳೆಯಬಲ್ಲದು, ಕ್ಷಯಕ್ಕೆ ದಾರಿಯನ್ನೂ ಮಾಡಿಕೊಡುತ್ತದೆ. ತಲೆಗೆ ಸುತ್ತಿದ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡರೆ ಈ ಕಣ ನಿಲ್ಲದು. ಕಲ್ಲಿನ ಮೇಲೆ ನೀರು ಬಿಡುವುದೇ ಮೊದಲ ರಕ್ಷಣೆ.

ಹಿಟ್ಟಿನ ಗಿರಣಿ, ಹತ್ತಿ ಜಿನ್ನಿಂಗ್, ಮರಗೆಲಸ, ಒಕ್ಕಣೆಯ ಧೂಳು, ಹಳೆಯ ಕ್ಷಯ, ಬಾಲ್ಯದ ನ್ಯುಮೋನಿಯಾ, ದಿನ ತುಂಬುವ ಮೊದಲೇ ಹುಟ್ಟಿದ್ದು, ಇವನ್ನೆಲ್ಲ ಒಂದೊಂದೇ ಕೇಳಿ ಗುರುತು ಹಾಕಿಕೊಳ್ಳುತ್ತೇವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಒಂದು ಪ್ರಶ್ನೆ ಹೆಚ್ಚು: ಬಾಲ್ಕನಿಯಲ್ಲಿ ಪಾರಿವಾಳ ಇವೆಯೇ? ಒಣಗಿದ ಹಿಕ್ಕೆ, ಗರಿಯ ಪುಡಿಗೆ ಕೆಲವರ ಶ್ವಾಸಕೋಶ ಉರಿದು, ವರ್ಷಗಳು ಕಳೆದಂತೆ ಗಡುಸಾಗಿಬಿಡುತ್ತದೆ. ಇವರಿಗೆ ಸಿಗರೇಟೂ ಇಲ್ಲ, ಸೌದೆ ಒಲೆಯೂ ಇಲ್ಲ.

ಈಗ ಊದುವುದು. ಕೈಯಿರುವ, ಚಕ್ರವಿಲ್ಲದ ಕುರ್ಚಿ, ಎರಡೂ ಪಾದ ನೆಲಕ್ಕೆ, ಬೆನ್ನು ನೇರ. ಮೂಗಿಗೆ ಕ್ಲಿಪ್. ಮೌತ್‌ಪೀಸ್ ಹಲ್ಲುಗಳ ನಡುವೆ, ತುಟಿ ಸುತ್ತ ಬಿಗಿ, ನಾಲಗೆ ಅದರ ಕೆಳಗೆ. ಪೂರ್ತಿ ಒಳಗೆಳೆದುಕೊಂಡು, ಮೇಲೆ ಹೋಗಿ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲದೆ, ಸಿಡಿದ ಹಾಗೆ ಊದಬೇಕು. ಸಿಡಿದ ಮೇಲೆ ಬಿಡದೆ, ಒಳಗೆ ಏನೂ ಉಳಿಯಲಿಲ್ಲ ಅನಿಸಿದ ಮೇಲೂ ಊದುತ್ತಿರಬೇಕು. ಕೊನೆಗೆ ಮತ್ತೆ ಜೋರಾಗಿ ಒಳಗೆ ಎಳೆಯಬೇಕು.

ಹೇಳಿದಷ್ಟು ಸಲೀಸಲ್ಲ. ಊದು ಎಂದ ತಕ್ಷಣ ಪ್ರತಿಯೊಬ್ಬರೂ ತಮಗೆ ಗೊತ್ತಿರುವುದನ್ನು ಊದುತ್ತಾರೆ. ಹಳ್ಳಿಯ ಹೆಂಗಸರು ಊದುಗೊಳವೆ ಊದುತ್ತಾರೆ: ಕೆನ್ನೆ ಉಬ್ಬಿಸಿ, ತುಟಿ ಚೂಪು ಮಾಡಿ, ಬೂದಿ ಹಾರದ ಹಾಗೆ ಹದವಾಗಿ, ಸಣ್ಣ ಸಣ್ಣದಾಗಿ ಮೂರು ನಾಲ್ಕು ಸಲ. ಕೆಂಡ ಕೆರಳಿಸಲು ಅದು ಸರಿಯಾದ ವಿದ್ಯೆ. ಇಲ್ಲಿ ಅದೇ ವೈರಿ. ಯುವಕರು ಬಲೂನು ಊದುತ್ತಾರೆ, ಮಕ್ಕಳು ಪೀಪಿ. ಹಾಗಾಗಿ ನಾವು ಮೊದಲು ಬರಿ ಮೌತ್‌ಪೀಸ್ ಹಿಡಿದು ಊದಿ ತೋರಿಸುತ್ತೇವೆ. ಮಾತಿನಲ್ಲಿ ಹತ್ತು ನಿಮಿಷ ವಿವರಿಸುವುದಕ್ಕಿಂತ ಒಮ್ಮೆ ಕಣ್ಣು ಬಿಟ್ಟುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಊದಿ ತೋರಿಸುವುದು ಮೇಲು.

56 ವರ್ಷದ, 149 ಸೆಂ.ಮೀ. ಎತ್ತರದ, 120ರ ಹೊಗೆ ಲೆಕ್ಕದ ಒಬ್ಬ ಹೆಂಗಸನ್ನು ಮಾದರಿಗೆ ಇಟ್ಟುಕೊಳ್ಳೋಣ. ಯಂತ್ರ ಅವರಿಂದ ನಿರೀಕ್ಷಿಸುವುದು ಒಟ್ಟು ಊದುವ ಗಾಳಿ, ಅಂದರೆ ಎಫ್‌ವಿಸಿ, 1.98 ಲೀಟರ್. ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ, ಎಫ್‌ಇವಿ-1, 1.60 ಲೀಟರ್.

ಮೊದಲ ಊದು: ಅನುಮಾನಿಸುತ್ತ ಶುರು ಮಾಡಿದರು. ಗೆರೆ ಗುಡ್ಡದ ಹಾಗೆ ನಿಧಾನಕ್ಕೆ ಏರಿತು. ಸಿಡಿಯುವ ಮೊದಲೇ ಸೋರಿದ ಗಾಳಿ 0.17 ಲೀಟರ್. ಇದು 0.10 ಲೀಟರ್ ಅಥವಾ ಎಫ್‌ವಿಸಿಯ ಶೇ 5, ಯಾವುದು ದೊಡ್ಡದೋ ಅದರೊಳಗೆ ಇರಬೇಕು. ತಳ್ಳಿಹಾಕಿದೆವು.

ಎರಡನೆಯದು: ಶುರು ಚೆನ್ನಾಗಿತ್ತು, ಎರಡೂವರೆ ಸೆಕೆಂಡಿಗೆ "ಆಯ್ತು" ಎಂದು ಬಾಯಿ ತೆಗೆದರು. ಎಫ್‌ಇವಿ-1 0.97, ಎಫ್‌ವಿಸಿ 1.31. ಭಾಗಿಸಿ ನೋಡಿ, 0.74. ಈ ಸಾಲನ್ನು ನೆನಪಿಡಿ, ಮತ್ತೆ ಬರುತ್ತೇವೆ.

ಮೂರನೆಯದಕ್ಕೆ ನಮ್ಮ ಗಂಟಲು ಏರುತ್ತದೆ. "ಊದಿ ಊದಿ ಊದಿ! ಬಿಡ್ಬೇಡಿ ಅಮ್ಮ, ಇನ್ನೂ ಐತೆ, ಇನ್ನೂ ಐತೆ, ತಳ್ಳಿ, ತಳ್ಳಿ!" ಪಕ್ಕದ ಕೋಣೆಯವರು ಹೆರಿಗೆ ಕೋಣೆಯೋ ಎಂದು ನಗುತ್ತಾರೆ, ನಗಲಿ. ಎಫ್‌ಇವಿ-1 0.96, ಎಫ್‌ವಿಸಿ 1.70. ನಾಲ್ಕನೆಯದು 0.98, 1.78. ಐದನೆಯದು 0.97, 1.74. ದೊಡ್ಡ ಎರಡು ಎಫ್‌ವಿಸಿಗಳ ನಡುವೆ 0.04 ಲೀಟರ್, ದೊಡ್ಡ ಎರಡು ಎಫ್‌ಇವಿ-1ಗಳ ನಡುವೆ 0.01. 0.15ರೊಳಗೆ ಬಂದರೆ ಸಾಕಿತ್ತು. ನಿಲ್ಲಿಸಬಹುದು.

ಊದು ಮುಗಿದಿದೆ ಎಂದು ತೀರ್ಮಾನಿಸುವವರು ರೋಗಿಯಲ್ಲ, ಗೆರೆ. ಕೊನೆಯ ಒಂದು ಸೆಕೆಂಡಿನಲ್ಲಿ 25 ಮಿ.ಲೀ.ಗಿಂತ ಹೆಚ್ಚು ಗಾಳಿ ಬರದೆ ಗೆರೆ ಚಪ್ಪಟೆಯಾಗಬೇಕು, ಇಲ್ಲವೇ 15 ಸೆಕೆಂಡು ತುಂಬಬೇಕು. ದೊಡ್ಡವರಿಗೆ ಒಟ್ಟು ಎಂಟು ಸಲದ ಮೇಲೆ ಊದಿಸುವುದಿಲ್ಲ. ಸುಸ್ತಾಗಿ ಅಂಕಿ ಇಳಿಯತೊಡಗುತ್ತದೆ, ಕೆಲವರಿಗೆ ತಲೆ ತಿರುಗುತ್ತದೆ. ಉಬ್ಬಸದವರಿಗೆ ಊದಿ ಊದಿಯೇ ಶ್ವಾಸನಾಳ ಬಿಗಿಯುವುದುಂಟು. ಪ್ರತಿ ಊದಿಗೂ ಎಫ್‌ಇವಿ-1 ಇಳಿಯುತ್ತ ಹೋದರೆ ಸೋಮಾರಿತನ ಎಂದು ಬೈಯುವ ಮೊದಲು ಎದೆಗೆ ಸ್ಟೆತೊಸ್ಕೋಪ್ ಇಟ್ಟು ನೋಡಬೇಕು.

ಈಗ ಔಷಧಿ. ಸಾಲ್ಬುಟಮಾಲ್ 100 ಮೈಕ್ರೋಗ್ರಾಂನ ನಾಲ್ಕು ಪಫ್, ಪಂಪಿಗೆ ಸ್ಪೇಸರ್ ಎಂಬ ದಪ್ಪ ಕೊಳವೆ ಹಾಕಿ, ಒಂದೊಂದಾಗಿ, ನಡುವೆ ಅರ್ಧ ನಿಮಿಷ ಬಿಟ್ಟು. ನಾಲ್ಕನ್ನೂ ಒಟ್ಟಿಗೆ ಸ್ಪೇಸರಿಗೆ ಹೊಡೆದು ಎಳೆಸುವ ಅವಸರದವರಿದ್ದಾರೆ. ಹಾಗೆ ಮಾಡಿದರೆ ಔಷಧಿ ಸ್ಪೇಸರಿನ ಒಳಗೋಡೆಗೆ ಅಂಟುತ್ತದೆ. ಕೈ ನಡುಗಬಹುದು, ಎದೆ ಡವಗುಟ್ಟಬಹುದು, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಹೃದಯದ ತೊಂದರೆ ಇರುವವರಿಗೆ ಡೋಸ್ ಕಮ್ಮಿ ಮಾಡುವುದುಂಟು. 15 ನಿಮಿಷ ಕಾಯಬೇಕು. ಹೊರಗೆ ಕಾಫಿ ಕುಡಿದು ಬರುತ್ತೇವೆ ಎನ್ನುತ್ತಾರೆ, ಬಿಡುವುದಿಲ್ಲ. ಕಾಫಿಯ ಜೊತೆ ಬೀಡಿಯೂ ಬರುತ್ತದೆ ಎಂದು ಗೊತ್ತು.

ಮತ್ತೆ ಮೂರು ಒಳ್ಳೆಯ ಊದು. ನಮ್ಮ ಮಾದರಿಯವರಿಗೆ ಎಫ್‌ಇವಿ-1 1.06, ಎಫ್‌ವಿಸಿ 1.86 ಬಂತು. ಏರಿದ್ದು 80 ಮಿ.ಲೀ., ನಿರೀಕ್ಷಿತ 1.60ರ ಶೇ 5. ಈಗಿನ ನಿಯಮದಂತೆ ನಿರೀಕ್ಷಿತದ ಶೇ 10 ಮೀರಿ ಏರಿದರೆ ಮಾತ್ರ ಔಷಧಿಗೆ ಸ್ಪಂದಿಸಿತು ಎನ್ನುವುದು. ಹಳೆಯ ನಿಯಮ ಶೇ 12 ಮತ್ತು 200 ಮಿ.ಲೀ. ಅಂತಿತ್ತು, ಬಹಳ ಯಂತ್ರಗಳು ಇನ್ನೂ ಅದನ್ನೇ ಮುದ್ರಿಸುತ್ತವೆ. ಸ್ಪಂದಿಸಲಿಲ್ಲ ಎಂಬ ಪದ ನೋಡಿ ಇನ್ಹೇಲರ್ ದಂಡ ಎಂದು ಬಿಸಾಡುವವರಿಗೆ ಒಂದು ಮಾತು: ಇದು 15 ನಿಮಿಷದ ಪರೀಕ್ಷೆ, ತಿಂಗಳುಗಟ್ಟಲೆ ಎಳೆದಾಗಿನ ಉಪಯೋಗವನ್ನು ಇದು ಅಳೆಯುವುದಿಲ್ಲ.

ವರದಿಯಲ್ಲಿ ಮೊದಲು ನೋಡುವುದು ಅನುಪಾತ. 1.06ನ್ನು 1.86ರಿಂದ ಭಾಗಿಸಿದರೆ 0.57. ಔಷಧಿಯ ನಂತರವೂ 0.70ಕ್ಕಿಂತ ಕಮ್ಮಿ ಇದ್ದು, ಹೊಗೆಯ ಇತಿಹಾಸವೂ ಲಕ್ಷಣವೂ ಇದ್ದರೆ ಸಿಒಪಿಡಿ, ಅಂದರೆ ಶ್ವಾಸನಾಳ ಇಕ್ಕಟ್ಟಾಗಿಯೇ ಉಳಿಯುವ ದೀರ್ಘಕಾಲದ ರೋಗ. ಗಾಳಿ ಇದೆ, ಹೊರಬರುವ ದಾರಿ ಇಕ್ಕಟ್ಟು. ತೀವ್ರತೆಗೆ ನೋಡುವುದು ಎಫ್‌ಇವಿ-1: ನಿರೀಕ್ಷಿತದ ಶೇ 80 ಮತ್ತು ಮೇಲೆ ಸೌಮ್ಯ, 50ರಿಂದ 79 ಮಧ್ಯಮ, 30ರಿಂದ 49 ತೀವ್ರ, 30ಕ್ಕಿಂತ ಕೆಳಗೆ ಅತಿ ತೀವ್ರ. ಇವರದು ಶೇ 66, ಮಧ್ಯಮ. ಎಪ್ಪತ್ತು ದಾಟಿದವರಲ್ಲಿ ಆರೋಗ್ಯವಂತರಿಗೂ ಅನುಪಾತ 0.70ಕ್ಕಿಂತ ಕೆಳಗೆ ಇಳಿಯುವುದುಂಟು. ಅಂಥವರಿಗೆ ವಯಸ್ಸಿಗೆ ತಕ್ಕ ಕೆಳಮಿತಿಯನ್ನು ನೋಡುವುದು ನ್ಯಾಯ.

ಈಗ ಆ ಎರಡನೆಯ ಊದಿಗೆ ಬನ್ನಿ. ಅದನ್ನೇ ಕೊನೆಯದೆಂದು ಮುದ್ರಿಸಿದ್ದರೆ? ಅನುಪಾತ 0.74, ಅಡಚಣೆ ಇಲ್ಲ. ಎಫ್‌ವಿಸಿ 1.31, ನಿರೀಕ್ಷಿತದ ಶೇ 66, ಶ್ವಾಸಕೋಶ ಕುಗ್ಗಿರಬಹುದು. ಯಂತ್ರ ತಾನೇ ಕೆಳಗೆ "ರೆಸ್ಟ್ರಿಕ್ಷನ್" ಎಂದು ಬರೆದುಕೊಡುತ್ತಿತ್ತು. ಅಲ್ಲಿಂದ ಸಿ.ಟಿ. ಸ್ಕ್ಯಾನ್, ಬೇಡದ ಅಲೆದಾಟ, ಸಿಗಬೇಕಾದ ಇನ್ಹೇಲರ್ ಸಿಗದೆ ಹೋಗುವುದು. ಅದೇ ಹೆಂಗಸು, ಅದೇ ಯಂತ್ರ, ಅದೇ ಬೆಳಗ್ಗೆ. ನಡುವೆ ಇದ್ದದ್ದು ಊದಿಸುವವರು ಕೂಗಿದ ನಾಲ್ಕು ಸೆಕೆಂಡು. ಬರಿಯ ಅಂಕಿಯ ಪಟ್ಟಿ ಕೊಟ್ಟು ಗೆರೆಯ ಚಿತ್ರ ಕೊಡದ ವರದಿಯನ್ನು ನಾವು ಅರ್ಧ ವರದಿ ಎನ್ನುವುದು ಇದಕ್ಕೇ. ಗಾಳಿಯ ವೇಗ ತೋರಿಸುವ ಚಿತ್ರದಲ್ಲಿ ಗೆರೆ ಚಾಕುವಿನಿಂದ ಕತ್ತರಿಸಿದಂತೆ ಥಟ್ಟನೆ ನೆಲಕ್ಕೆ ಬಿದ್ದಿದ್ದರೆ ಬೇಗ ನಿಲ್ಲಿಸಿದ್ದಾರೆ. ಮಧ್ಯೆ ಕಚ್ಚು ಕಂಡರೆ ಕೆಮ್ಮು. ತುದಿ ಮೊಂಡಾಗಿದ್ದರೆ ಬಲ ಹಾಕಿಲ್ಲ. ತುದಿ ಚೂಪಾಗಿದ್ದು, ಇಳಿಜಾರು ಒಳಕ್ಕೆ ತೊಟ್ಟಿಲಿನ ಹಾಗೆ ಬಾಗಿದ್ದರೆ ಅದು ನಿಜವಾದ ಅಡಚಣೆ.

ಚೆನ್ನಾಗಿ ಊದಿಯೂ ಎಫ್‌ವಿಸಿ ಕಮ್ಮಿ, ಅನುಪಾತ ಸರಿ ಎಂದು ಬಂದರೆ ಪೂರ್ತಿ ಪರೀಕ್ಷೆಗೆ ಕಳಿಸುತ್ತೇವೆ. ಊದಿದ ಮೇಲೆ ಒಳಗೆ ಉಳಿಯುವ ಗಾಳಿಯನ್ನು ಸ್ಪೈರೊಮೀಟರ್ ಅಳೆಯಲಾರದು. ಅದಕ್ಕೆ ಗಾಜಿನ ಪೆಟ್ಟಿಗೆಯೊಳಗೆ ಕೂರಿಸುವ ಪರೀಕ್ಷೆ ಬೇಕು. ಇನ್ನೊಂದು ಡಿಎಲ್‌ಸಿಒ: ಶೇ 0.3ರಷ್ಟು ಕಾರ್ಬನ್ ಮಾನಾಕ್ಸೈಡ್ ಬೆರೆಸಿದ ಗಾಳಿ ಎಳೆದು 10 ಸೆಕೆಂಡು ಹಿಡಿದು ಬಿಡುವುದು. ಗಾಳಿ ರಕ್ತಕ್ಕೆ ಎಷ್ಟು ದಾಟುತ್ತದೆ ಎಂದು ಅದು ಹೇಳುತ್ತದೆ. ಹಿಮೋಗ್ಲೋಬಿನ್ ಅಂಕಿ ಜೊತೆಗೆ ತರಬೇಕು, ರಕ್ತಹೀನತೆ ಇದ್ದರೆ ಶ್ವಾಸಕೋಶ ಸರಿಯಿದ್ದೂ ಡಿಎಲ್‌ಸಿಒ ಕಮ್ಮಿ ಬರುತ್ತದೆ. ಶ್ವಾಸಕೋಶ ಗಡುಸಾಗಿದ್ದರೆ ಗಾಳಿ, ರಕ್ತಕ್ಕೆ ದಾಟುವುದು ಎರಡೂ ಕಮ್ಮಿ. ಬೊಜ್ಜು, ಗೂನು, ಸ್ನಾಯು ದೌರ್ಬಲ್ಯದಿಂದ ಎದೆಗೂಡು ಅಗಲವಾಗದಿದ್ದರೆ ಗಾಳಿ ಕಮ್ಮಿ, ದಾಟುವುದು ಹೆಚ್ಚುಕಮ್ಮಿ ಸರಿ.

"ನಂಗೆ ಅಂಥ ಉಬ್ಬಸ ಏನಿಲ್ಲ, ಮೆಟ್ಟಿಲು ಹತ್ತುವಾಗ ಸ್ವಲ್ಪ ಅಷ್ಟೆ" ಎನ್ನುವವರ ವರದಿಯಲ್ಲಿ ಶೇ 60 ಕಂಡಾಗ ನಂಬುವುದಿಲ್ಲ. ನಂಬದಿರುವುದು ಸಹಜ. ಶ್ವಾಸಕೋಶದ ಬಲ 20-25ರ ವಯಸ್ಸಿಗೆ ತುದಿ ಮುಟ್ಟಿ, ಆಮೇಲೆ ಆರೋಗ್ಯವಂತರಲ್ಲೂ ವರ್ಷಕ್ಕೆ 25-30 ಮಿ.ಲೀ. ಇಳಿಯುತ್ತದೆ. ಹೊಗೆಯ ಹೊಡೆತ ತಾಳಲಾರದವರಲ್ಲಿ ಅದು 50-60 ಮಿ.ಲೀ., ಕೆಲವರಲ್ಲಿ ಇನ್ನೂ ಹೆಚ್ಚು. ಲಂಡನ್ನಿನ ದುಡಿಯುವ ಗಂಡಸರನ್ನು ಎಂಟು ವರ್ಷ ಹಿಂಬಾಲಿಸಿ ಅಳೆದ ಫ್ಲೆಚರ್ ಮತ್ತು ಪೀಟೊ 1977ರಲ್ಲಿ ಹೇಳಿದ್ದು ಇಂದಿಗೂ ನಿಂತಿದೆ: ಬಿಟ್ಟರೆ ಕಳೆದದ್ದು ವಾಪಸು ಬರದು, ಇಳಿಯುವ ವೇಗ ಮಾತ್ರ ಸೇದದವರ ಮಟ್ಟಕ್ಕೆ ಬರುತ್ತದೆ. ಇಷ್ಟು ನಿಧಾನಕ್ಕೆ ಇಳಿಯುವಾಗ ಮನುಷ್ಯ ತನಗರಿಯದೆ ಹೊಂದಿಕೊಳ್ಳುತ್ತಾನೆ. ಸಂತೆಗೆ ನಡೆದು ಹೋಗುವವರು ಆಟೋ ಹತ್ತುತ್ತಾರೆ. ಬಿಂದಿಗೆ ಹೊರುವುದನ್ನು ಸೊಸೆಗೆ ಬಿಡುತ್ತಾರೆ. ವಯಸ್ಸಾಯಿತು ಅಂದುಕೊಳ್ಳುತ್ತಾರೆ.

ಅದಕ್ಕೆ ನಮ್ಮ ಪ್ರಶ್ನೆ ಬೇರೆ: ನಿಮ್ಮ ವಯಸ್ಸಿನವರ ಜೊತೆ ಸಮತಟ್ಟಿನಲ್ಲಿ ನಡೆದರೆ ಹಿಂದೆ ಬೀಳುತ್ತೀರಾ? ನೂರು ಮೀಟರಿಗೆ ನಿಲ್ಲಬೇಕಾಗುತ್ತದೆಯೇ? ಸೀರೆ ಉಡುವಾಗ, ಅಂಗಿ ತೊಡುವಾಗ ದಮ್ಮು ಬರುತ್ತದೆಯೇ? ಇಕ್ಕಟ್ಟಾದ ದಾರಿಯಲ್ಲಿ ಹಳೆಯ ಉಸಿರು ಪೂರ್ತಿ ಹೊರಹೋಗುವ ಮೊದಲೇ ಹೊಸದನ್ನು ಎಳೆಯಬೇಕಾಗಿ, ಎದೆ ಉಬ್ಬಿಕೊಂಡೇ ಇರುತ್ತದೆ. ನಿಂತಲ್ಲೇ ಮಂಡಿಗೆ ಕೈಯೂರುವುದು, ಮಾತು ಅರ್ಧಕ್ಕೆ ಕಡಿಯುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು ಅದರಿಂದ. ಉಸಿರಾಡುವುದೇ ಕೂಲಿ ಕೆಲಸವಾದಾಗ ತೂಕ ಇಳಿಯುತ್ತದೆ, ತೊಡೆಯ ಸ್ನಾಯು ಕರಗುತ್ತದೆ, ನಡೆಯುವುದು ಇನ್ನಷ್ಟು ಕಷ್ಟವಾಗಿ ನಡಿಗೆಯೇ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಶ್ವಾಸಕೋಶದ ರಕ್ತನಾಳ ಬಿಗಿದು, ಹೃದಯದ ಬಲಭಾಗ ದಣಿದು, ಸಂಜೆಗೆ ಪಾದ ಊದಿಕೊಳ್ಳುತ್ತದೆ. ಬೆಳಗ್ಗೆ ತಲೆನೋವು, ಹಗಲು ಮಂಪರು ಇದ್ದರೆ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಿಲ್ಲ ಎಂಬ ಸೂಚನೆ. ಎಫ್‌ಇವಿ-1 ಕಮ್ಮಿ ಇರುವವರಲ್ಲಿ ಹೃದಯಾಘಾತ, ಶ್ವಾಸಕೋಶದ ಕ್ಯಾನ್ಸರ್ ಅಪಾಯವೂ ಹೆಚ್ಚು. ನೆಗಡಿಯೊಂದೇ ಆಸ್ಪತ್ರೆ ಸೇರಿಸಬಲ್ಲದು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೊಕಾಕಸ್ ಲಸಿಕೆ ಹಾಕಿಸಿಕೊಳ್ಳಿ ಎನ್ನುವುದು ಅದಕ್ಕೆ.

ಎಫ್‌ಇವಿ-1 ಒಂದೇ ಇದ್ದರೂ ಇಬ್ಬರು ಒಂದೇ ಥರ ನಡೆಯುವುದಿಲ್ಲ. ಅದನ್ನು ತಿಳಿಯಲು 30 ಮೀಟರ್ ಉದ್ದದ ಕಾರಿಡಾರಿನಲ್ಲಿ 6 ನಿಮಿಷ ನಡೆಸುತ್ತೇವೆ, ಬೆರಳಿಗೆ ಆಕ್ಸಿಮೀಟರ್. ಕೂತಾಗ 95 ಇದ್ದದ್ದು ನಡೆದಾಗ 86ಕ್ಕೆ ಬೀಳುವುದನ್ನು ಕೂತೇ ಪರೀಕ್ಷಿಸುವವರು ಕಾಣಲಾರರು. ಉಗುರಿಗೆ ಮೆಹೆಂದಿ, ಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಅಂಕಿ ನಂಬಬೇಡಿ. ವಿಶ್ರಾಂತಿಯಲ್ಲೇ ಶೇ 88 ಅಥವಾ ಕಮ್ಮಿ, ಇಲ್ಲವೇ ರಕ್ತದಲ್ಲಿ ಆಮ್ಲಜನಕದ ಒತ್ತಡ 55 ಮಿ.ಮೀ. ಪಾದರಸದಷ್ಟು ಅಥವಾ ಕಮ್ಮಿ ಇದ್ದರೆ ದಿನಕ್ಕೆ ಕನಿಷ್ಠ 15 ಗಂಟೆ ಮನೆಯಲ್ಲಿ ಆಕ್ಸಿಜನ್. ದಮ್ಮು ಬಂದಾಗ ಹತ್ತು ನಿಮಿಷ ಹಿಡಿದರೆ ಆಯುಷ್ಯ ಹೆಚ್ಚದು. ಸಿಒಪಿಡಿಯವರಿಗೆ ನಳ ಪೂರ್ತಿ ತಿರುಗಿಸಿ 99 ಮಾಡಲು ಹೋಗುವುದೂ ಅಪಾಯ, 88ರಿಂದ 92 ಸಾಕು.

ಹೋಗುವ ಮೊದಲು ನಿಮ್ಮ ಇನ್ಹೇಲರನ್ನು ನಮ್ಮೆದುರು ಒಮ್ಮೆ ಎಳೆದು ತೋರಿಸಿ. ಪೌಡರಿನ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರು ಈಗಲೂ ಸಿಗುತ್ತಾರೆ. ಪಂಪನ್ನು ಬಾಯಿಗೆ ಸೆಂಟು ಹೊಡೆದ ಹಾಗೆ ಹೊಡೆದುಕೊಳ್ಳುವವರೂ.

ಕೊನೆಗೆ ವರದಿಯ ಕಾಗದ. ಸಣ್ಣ ಯಂತ್ರಗಳು ಬಸ್ ಟಿಕೆಟ್ಟಿನ ಥರದ ಥರ್ಮಲ್ ಕಾಗದದಲ್ಲಿ ಮುದ್ರಿಸುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟರೂ ಕ್ರಮೇಣ ಮಾಸಿ ಬೆಳ್ಳಗಾಗುತ್ತದೆ. ಇನ್ನೊಂದು ಕಡೆ ಊದಿದಾಗ ಅಲ್ಲಿನ ಯಂತ್ರ ಬೇರೆ ಸೂತ್ರ ಹಾಕಿದ್ದರೆ, ಭಾರತೀಯರ ಬದಲು ಐರೋಪ್ಯರ ಅಳತೆ ಇಟ್ಟಿದ್ದರೆ, ಲೀಟರ್ ಅದೇ ಇದ್ದು ಶೇಕಡಾ ಮಾತ್ರ ಹತ್ತರಷ್ಟು ಆಚೀಚೆಯಾಗಿಬಿಡುತ್ತದೆ. ರೋಗ ಹೆಚ್ಚಿತೇ ಎಂದು ತಿಳಿಯಲು ಲೀಟರಿಗೆ ಲೀಟರ್ ಹೋಲಿಸಬೇಕು. 1.06 ಇದ್ದದ್ದು ಮುಂದಿನ ವರ್ಷ 1.03 ಆದರೆ ವಯಸ್ಸು, 0.90 ಆದರೆ ಒಲೆ ಇನ್ನೂ ಉರಿಯುತ್ತಿದೆಯೇ, ಔಷಧಿ ಸರಿಯಾಗಿ ಎಳೆಯುತ್ತಿದ್ದಾರೆಯೇ ಎಂದು ಕೇಳುತ್ತೇವೆ. ಹಾಗಾಗಿ ಇವತ್ತೇ ಕೆಳಗಿನ ಅಂಗಡಿಯಲ್ಲಿ ಎರಡು ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಒಂದು ಫೋಟೋ ತೆಗೆದಿಡಿ. ಮುಂದಿನ ಸಲ ಸಿರಿಂಜು ತಳ್ಳಿ ಮುಗಿಸಿದ ಮೇಲೆ ನಾವು ಮೊದಲು ಕೇಳುವುದು ಅದನ್ನೇ.